ಗಾಡಿ ಸಿದ್ಧವಾಗಿದೆ, ದೊರೆಸಾನಿಯವರೇ

ಹದಿನಾಲ್ಕು ವರ್ಷ ಹಾಲಿವುಡ್ಡಿನಲ್ಲಿ ಮಣ್ಣು ಹೊತ್ತರೂ ವರ್ಜಿಲ್ ಸ್ಟಬ್ಸನ ಬಾಯಿಂದ ಒಂದೇ ಒಂದು ಮಾತು ಪರದೆಯ ಮೇಲೆ ಹೊರಬಿದ್ದಿರಲಿಲ್ಲ. ನಾಲ್ಕು ಸಲ ಡ್ಯೂಕ್ ಆಗಿದ್ದ. ಎರಡು ಸಲ ರಾಯಭಾರಿ. ಒಂದು ಸಲ ಬಿಷಪ್ (ಅದರಲ್ಲಿ ಬೆನ್ನು ಮಾತ್ರ ಕಂಡಿತ್ತು, ಆದರೂ ಬಿಷಪ್ಪನ ಬೆನ್ನೇ). ಪಾತ್ರ ಯಾವುದಾದರೇನು, ಕೆಲಸ ಒಂದೇ: ಕಂಬದ ಪಕ್ಕ ನಿಲ್ಲುವುದು, ಬಣ್ಣದ ನೀರು ತುಂಬಿದ ಲೋಟ ಹಿಡಿಯುವುದು, ಪಕ್ಕದವನು ತುಟಿ ಅಲ್ಲಾಡಿಸಿದರೆ ತಾನೂ ಅಲ್ಲಾಡಿಸಿ ನಗುವುದು. ಅದೂ ಸದ್ದಿಲ್ಲದೆ. ಸದ್ದು ಮಾಡಿದರೆ ಮೈಕಿನವನು ಬೈಯುತ್ತಿದ್ದ.

ಇದರಲ್ಲಿ ದುಃಖದ ಸಂಗತಿ ಏನೆಂದರೆ, ವರ್ಜಿಲ್ ಸಿನಿಮಾಕ್ಕೆ ಬಂದದ್ದೇ ಗಂಟಲಿನ ಬಲದ ಮೇಲೆ. ನೆಬ್ರಾಸ್ಕಾದ ಒಮಾಹಾ ಊರಿನ ರೈಲು ನಿಲ್ದಾಣದಲ್ಲಿ ಬರುವ ಹೋಗುವ ರೈಲುಗಳ ಹೆಸರು ಕೂಗುವುದು ಅವನ ಕೆಲಸವಾಗಿತ್ತು. ಅವನು ‘ಡೆನ್ವರ್!’ ಎಂದು ಕೂಗಿದರೆ ಡೆನ್ವರಿಗೆ ಹೋಗುವ ಉದ್ದೇಶವೇ ಇಲ್ಲದವರೂ ಪೆಟ್ಟಿಗೆ ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದರಂತೆ. ಇಂಥ ಕಂಠ ಇಟ್ಟುಕೊಂಡು ಇಲ್ಲಿ ರೈಲಿನ ಹೊಗೆ ಕುಡಿಯುತ್ತೀಯಲ್ಲ, ಸಿನಿಮಾಕ್ಕೆ ಹೋಗು ಎಂದು ನಾಲ್ಕು ಜನ ಹೇಳಿದರು. ಹೇಳಿದ ನಾಲ್ವರಲ್ಲಿ ಒಬ್ಬನಿಗಾದರೂ, ಹೋದ ಇವನಿಗಾದರೂ, ಆಗಿನ ಸಿನಿಮಾಕ್ಕೆ ಬಾಯಿಯೇ ಇಲ್ಲ ಎಂಬುದು ಹೊಳೆಯಲಿಲ್ಲ. ಮುಂದೆ ಸಿನಿಮಾಕ್ಕೆ ಮಾತು ಬಂತು. ಅಷ್ಟು ಹೊತ್ತಿಗೆ ಪಾತ್ರ ಹಂಚುವ ಆಫೀಸಿನವರು ಇವನ ಹೆಸರಿನ ಮುಂದೆ ‘ಎತ್ತರದ ಆಳು, ಸ್ವಂತ ಕೋಟು ಇದೆ, ಚೆನ್ನಾಗಿ ನಿಲ್ಲುತ್ತಾನೆ’ ಎಂದು ಬರೆದು ಮುಗಿಸಿದ್ದರು.

ಹೋಗಲಿ, ಮನೆಯಲ್ಲಾದರೂ ಮಾತಾಡುತ್ತಿದ್ದನೇ ಎಂದು ನೀವು ಕೇಳಬಾರದು. ಮನೆಯಲ್ಲಿ ಹ್ಯಾಟಿ ಇದ್ದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ವರ್ಜಿಲ್ ಶುರು ಮಾಡಿದ ಮಾತನ್ನೆಲ್ಲ ಮುಗಿಸಿದವಳು ಅವಳೇ. ಕೆಟ್ಟ ಬುದ್ಧಿಯಿಂದಲ್ಲ. ಒಂದು ಮಾತು ಆಡಬೇಕಾದರೆ ಅವನು ‘ಅದೂ...’ ಎಂದು ರಾಗ ಎಳೆಯಬೇಕು, ಗಂಟಲು ಸರಿಮಾಡಿಕೊಳ್ಳಬೇಕು, ಸೂರು ನೋಡಬೇಕು. ಅಷ್ಟರಲ್ಲಿ ಅವಳು ಒಂದು ಸೇರು ಆಲೂಗಡ್ಡೆ ಸುಲಿದು ಮುಗಿಸಿರುತ್ತಿದ್ದಳು. ಎಷ್ಟೆಂದು ಕಾಯುತ್ತಾಳೆ ಪಾಪ.

“ಅದೂ... ಹ್ಯಾಟಿ, ನಾನೇನು ಯೋಚನೆ ಮಾಡ್ತಿದ್ದೆ ಅಂದ್ರೆ—”

“ಇವತ್ತೂ ಬೀನ್ಸ್ ಬೇಡ ಅಂತ. ಗೊತ್ತು. ಇವತ್ತೂ ಬೀನ್ಸೇ.”

ಹೀಗೆ.

ಆದ್ದರಿಂದ ವರ್ಜಿಲನಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಆಸೆ: ಪರದೆಯ ಮೇಲೆ ಒಂದು ಮಾತು, ಮೊದಲಿನಿಂದ ಕೊನೆಯವರೆಗೆ. ಅವನ ಅಕ್ಕ ಲೊರೇನಾ ನೆಬ್ರಾಸ್ಕಾದಲ್ಲೇ ಇದ್ದಳು. ತಮ್ಮನಿದ್ದಾನೆ ಎಂದರೆ ಯಾವ ಸಿನಿಮಾವನ್ನೂ ಬಿಡುತ್ತಿರಲಿಲ್ಲ. ‘ಮೂರನೇ ಕಂಬದ ಹಿಂದೆ ಗಡ್ಡ ಬಿಟ್ಟವನು ನೀನೋ, ಅಥವಾ ನೀನೇ ಆ ಕಂಬವೋ?’ ಎಂದು ಕಾಗದ ಬರೆಯುತ್ತಿದ್ದಳು. ಈಗೀಗ ಅವಳ ಕಣ್ಣಿಗೆ ಪೊರೆ ಬಂದು ಪರದೆಯೆಂದರೆ ಬೆಳ್ಳಗಿನ ಮಂಜು. ‘ಇನ್ನು ನಿನ್ನನ್ನು ನೋಡುವುದು ಆಗದ ಮಾತು. ಕೇಳಿಸುವ ಹಾಗೆ ಏನಾದರೂ ಮಾಡು’ ಎಂದು ಹೋದ ತಿಂಗಳು ಪಕ್ಕದ ಮನೆಯವರ ಕೈಯಲ್ಲಿ ಬರೆಸಿದ್ದಳು. ವರ್ಜಿಲ್ ಆ ಕಾಗದವನ್ನು ಮಡಚಿ ಡ್ಯೂಕಿನ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ.

ಇಂಥ ಹೊತ್ತಿನಲ್ಲಿ ಆ ದೊಡ್ಡ ಸಿನಿಮಾ ಬಂತು. ಕಥೆ ಅಂಥ ತಲೆಕೆಡಿಸಿಕೊಳ್ಳುವಂಥದಲ್ಲ. ಅರವತ್ತು ವರ್ಷದ ಹಿಂದಿನ ಇಂಗ್ಲೆಂಡು. ಬಟ್ಟೆ ಒಗೆಯುವವಳ ಮಗಳೊಬ್ಬಳು ಎರವಲು ಗೌನು ತೊಟ್ಟು ದೊಡ್ಡ ಮನೆಯ ಔತಣಕ್ಕೆ ಬರುತ್ತಾಳೆ, ಆ ಮನೆಯ ಕುವರ ಮರುಳಾಗುತ್ತಾನೆ, ಅವನ ಅತ್ತೆ ಕೌಂಟೆಸ್ಸಮ್ಮ ಹುಡುಗಿಯ ಒರಟು ಕೈ ನೋಡಿ ಗುಟ್ಟು ಹಿಡಿದು, ಊಟದ ನಡುವೆಯೇ ಎದ್ದು ಹೊರಡುತ್ತಾಳೆ. ಆಮೇಲೆ ಒಂದೂಕಾಲು ಗಂಟೆ ಎಲ್ಲರೂ ಅಳುತ್ತಾರೆ. ಒಂದು ಔತಣಕ್ಕೇ ಎಂಟು ದಿನದ ಚಿತ್ರೀಕರಣ, ನೂರು ಜನ ಗುಂಪಿನವರು. ಎಂಟು ದಿನ ಒಂದೇ ಕಡೆ ಕೆಲಸವೆಂದರೆ ಅವರಿದ್ದ ವಠಾರದಲ್ಲಿ ಹಬ್ಬ. ಗಂಡ ಹೆಂಡತಿ ಇಬ್ಬರಿಗೂ ಕರೆ ಬಂದಿತ್ತು: ವರ್ಜಿಲ್ ಎಂದಿನಂತೆ ದೊರೆಗಳ ಸಾಲಿಗೆ, ಹ್ಯಾಟಿ ಎಂದಿನಂತೆ ಅಡುಗೆಮನೆಯ ಹೆಂಗಸರ ಸಾಲಿಗೆ.

ಕೆಂಪು ಟ್ರಾಮಿನಲ್ಲಿ ಹೋಗುವಾಗ ವರ್ಜಿಲ್ ಕಾಲಿನ ಮೇಲೆ ಕಾಲು ಹಾಕಿ, “ಅದೂ... ಇವತ್ತು ನಾನು ದೊರೆ, ನೀನು ಅಡುಗೆಯವಳು. ಹೊರಗೆ ನನ್ನನ್ನ ಸ್ವಲ್ಪ—” ಎಂದ.

“ಗೌರವದಿಂದ ನೋಡ್ಬೇಕು. ನೋಡ್ತೀನಿ. ಕೋಟಿನ ಕಾಲರ್‌ಗೆ ಮೊಟ್ಟೆ ಅಂಟಿದೆ, ದೊರೆ,” ಎಂದಳು ಹ್ಯಾಟಿ.

ಸ್ಟುಡಿಯೋದ ಬಟ್ಟೆ ಕೋಣೆಯಲ್ಲಿ ವರ್ಜಿಲನ ಹಣೆಬರಹ ಬದಲಾಯಿತು. ಅವನ ಕೋಟು ಈ ಕಾಲದ ಹೊಲಿಗೆ, ಅರವತ್ತು ವರ್ಷದ ಹಿಂದಿನ ದೊರೆಗಳ ಕೋಟಿನ ಬಾಲವೇ ಬೇರೆ. ಸ್ಟುಡಿಯೋದವರ ಬಳಿ ಇದ್ದ ಕೋಟುಗಳೆಲ್ಲ ಗಿಡ್ಡ ದೊರೆಗಳಿಗೆ ಹೊಲಿಸಿದವು. ಆರಡಿ ಎರಡಿಂಚಿನ ಆಳಿಗೆ ಅಲ್ಲಿ ಸರಿಹೊಂದಿದ್ದು ಒಂದೇ ದಿರಿಸು: ಊಟದ ಮೇಜಿನ ಸೇವಕನದು. (ದೊಡ್ಡ ಮನೆಗಳಲ್ಲಿ ಸೇವಕರನ್ನು ಕುದುರೆ ಜೋಡಿಯ ಹಾಗೆ ಎತ್ತರ ಅಳೆದು ಆರಿಸುತ್ತಿದ್ದರು. ದೊರೆ ಗಿಡ್ಡನಾದರೆ ನಡೆಯುತ್ತದೆ, ಸೇವಕ ಗಿಡ್ಡನಾದರೆ ಮರ್ಯಾದೆ ಹೋಗುತ್ತದೆ.) ಬಿಳಿ ಪುಡಿ ಬಳಿದ ಕೂದಲ ಟೋಪನ್ನು ತಲೆಯ ಮೇಲೆ, ಚಿನ್ನದ ಗುಂಡಿಯ ಹಳದಿ ಕೋಟನ್ನು ಮೈಮೇಲೆ ಹಾಕಿದರು. ಮೊಣಕಾಲಿನವರೆಗೆ ಬಿಳಿ ಕಾಲುಚೀಲ. ಸೇವಕನ ಮೀನಖಂಡ ದುಂಡಗಿರಬೇಕಂತೆ. ವರ್ಜಿಲನದು ಕೊಕ್ಕರೆಯ ಕಾಲು. ಆದ್ದರಿಂದ ಕಾಲುಚೀಲದೊಳಗೆ ಎರಡು ಹತ್ತಿಯ ಮೆತ್ತೆ ತುರುಕಿದರು. ಹತ್ತು ಹೆಜ್ಜೆ ನಡೆದರೆ ಆ ಮೆತ್ತೆಗಳು ನಿಧಾನವಾಗಿ ತಿರುಗಿ ಮುಂದಕ್ಕೆ ಬಂದು, ಮೀನಖಂಡ ಮುಂದೆ ಇರುವ ಪ್ರಪಂಚದ ಏಕೈಕ ಮನುಷ್ಯ ಅವನಾಗುತ್ತಿದ್ದ.

ಅದನ್ನು ಮೊದಲು ಕಂಡವಳು ಅಡುಗೆಯವರ ಸಾಲಿನಲ್ಲಿದ್ದ ಹ್ಯಾಟಿ. ನೂರು ಜನರ ನಡುವೆ ಅವಳ ಕೂಗು ಕೇಳಿಸಿತು. “ವರ್ಜಿಲ್! ಕಾಲು ನೋಡ್ಕೊಳೋ! ನಿನ್ನ ಮೀನಖಂಡ ಮುಂದೆ ಬಂದು ನಿಂತಿದೆ! ನೆಟ್ಟಗೆ ನಿಂತ್ಕೊ, ಹಿಂದಕ್ಕೆ ತಳ್ಳು, ಹಾಗಲ್ಲ, ಅಯ್ಯೋ, ಎಂಥ ಜನ ಬಂದು ಸೇರಿದಾರೋ ಇಲ್ಲಿ!”

ನಿರ್ದೇಶಕ ಲಾಸ್ಲೋ ಕೆರೆಕ್ ಆ ಹೊತ್ತಿಗೆ ಅಲ್ಲೇ ಹಾಯುತ್ತಿದ್ದ. ಹಂಗೇರಿಯ ಮನುಷ್ಯ, ಕುಳ್ಳ, ಸಿಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡುವವನು. ನಿಂತ. ಹ್ಯಾಟಿಯ ಮುಖ ನೋಡಿದ.

“ಆ ಗದ್ದ!” ಎಂದ. “ಎಮೆಟ್, ಆ ಗದ್ದ ನೋಡು! ಆ ಕಣ್ಣು! ಮುನ್ನೂರು ವರ್ಷ ಆಳುಗಳನ್ನ ಬೈದ ಮನೆತನದಲ್ಲಿ ಹುಟ್ಟದೆ ಇಂಥ ಗದ್ದ ಬರಲ್ಲ. ನನ್ನ ಕೌಂಟೆಸ್ ಈಕೆಯೇ!”

(ಹ್ಯಾಟಿಯ ತಂದೆ ಹಂದಿ ಸಾಕುತ್ತಿದ್ದ. ಬೈದದ್ದೇನೋ ನಿಜ.)

ಎಮೆಟ್ ಎಂಬವನು ಕೆರೆಕನ ಸಹಾಯಕ, ಕೂಗಿ ಕೂಗಿ ಗಂಟಲು ಕಟ್ಟಿದವನು. ಅರ್ಧ ಗಂಟೆಯೊಳಗೆ ಹ್ಯಾಟಿಯನ್ನು ನೇರಳೆ ರೇಷ್ಮೆಯಲ್ಲಿ ಸುತ್ತಿ, ತಲೆಗೆ ಗರಿ ಸಿಕ್ಕಿಸಿ, ಮೇಜಿನ ತುದಿಯಲ್ಲಿ ಕೂರಿಸಿದರು. ಅವಳ ಕುರ್ಚಿಯ ಹಿಂದೆ ನಿಲ್ಲಲು ಎತ್ತರದ ಸೇವಕ ಬೇಕಾಯಿತು. ಯಾರೆಂದು ನಾನು ಬೇರೆ ಹೇಳಬೇಕಾಗಿಲ್ಲ. ಕ್ಯಾಮೆರಾ ಒಮ್ಮೆ ಓಡಿತು. ಅಲ್ಲಿಗೆ ಮುಗಿಯಿತು. ಕ್ಯಾಮೆರಾ ಒಮ್ಮೆ ಕಂಡ ಜಾಗದಿಂದ ಆಮೇಲೆ ಯಾರೂ ಕದಲುವಂತಿಲ್ಲ. ಇವತ್ತು ಕುರ್ಚಿಯ ಹಿಂದೆ ನಿಂತವನು ಔತಣ ಮುಗಿಯುವವರೆಗೂ ಕುರ್ಚಿಯ ಹಿಂದೆಯೇ. ಮದುವೆಗಿಂತ ಬಿಗಿಯಾದ ಕಟ್ಟು ಅದು.

ಮೇಜಿನ ಮೇಲೆ ಹುರಿದ ಬಾತುಕೋಳಿ, ಹಂದಿಯ ತೊಡೆ, ಮೂರಂತಸ್ತಿನ ಕೇಕು. ಗುಂಪಿನವರು ತಿಂದು ಮುಗಿಸಿಯಾರೆಂದು ಬೆಳಗ್ಗೆಯೇ ಎಲ್ಲದಕ್ಕೂ ಸೀಮೆಎಣ್ಣೆ ಚಿಮುಕಿಸಿದ್ದರು. ದೀಪಗಳ ಕಾವಿಗೆ ಆ ವಾಸನೆ ಎದ್ದು ಟೋಪಿನೊಳಗೆ ಸೇರಿಕೊಳ್ಳುತ್ತಿತ್ತು. ವರ್ಜಿಲ್ ದಿನಕ್ಕೆ ಎಂಟು ಗಂಟೆ ಹೆಂಡತಿಯ ತಲೆಯ ಗರಿಯನ್ನೇ ನೋಡುತ್ತ ನಿಂತ. ಗರಿ ಆಗಾಗ ಅವನ ಮೂಗಿಗೆ ತಾಗುತ್ತಿತ್ತು. ಸೇವಕರು ಸೀನುವಂತಿರಲಿಲ್ಲ.

ಮನೆಗೆ ಬಂದರೆ ಅಲ್ಲೂ ಮುಗಿಯಲಿಲ್ಲ. ಎರಡನೇ ದಿನ ಊಟವಾದ ಮೇಲೆ ಹ್ಯಾಟಿ ತಟ್ಟೆಯನ್ನು ಒಂದು ಬೆರಳಿನಿಂದ ದೂರ ಸರಿಸಿದಳು.

“ತಟ್ಟೆ ಯಾರು ತೊಳೀತಾರೆ?” ಎಂದ ವರ್ಜಿಲ್.

ಅವಳು ಅವನ ಕಡೆ ನೋಡಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. “ಕೌಂಟೆಸ್ ಆದೋಳು ಆಳುಗಳ ಮುಖ ನೋಡ್ಬಾರ್ದಂತೆ. ಕೆರೆಕ್ ಅವರು ಹೇಳಿದ್ರು. ಮನೇಲೂ ಅಭ್ಯಾಸ ಮಾಡಿ ಅಂದ್ರು.”

“ನಾನು ಸೇವಕ ಆಗಿರೋದು ಒಂಬತ್ತರಿಂದ ಆರು ಕಣೆ. ಆರಕ್ಕೆ ಆ ಕೋಟು ಬಿಚ್ಚಿಟ್ಟು ಬಂದಿದೀನಿ.”

“ಕೋಟು ಬಿಚ್ಚಿದೆ. ನಿಲ್ಲೋ ರೀತಿ ಹಾಗೇ ಇದೆಯಲ್ಲ,” ಎಂದಳು ಹ್ಯಾಟಿ ಕ್ಯಾಲೆಂಡರಿಗೆ.

ವರ್ಜಿಲ್ ತನ್ನನ್ನು ನೋಡಿಕೊಂಡ. ಅವಳ ಕುರ್ಚಿಯ ಹಿಂದೆ, ಎಡಕ್ಕೆ ಒಂದು ಹೆಜ್ಜೆ ಬಿಟ್ಟು, ಕೈ ಬೆನ್ನಿಗೆ ಕಟ್ಟಿ ನಿಂತಿದ್ದ. ಯಾವಾಗ ಬಂದು ನಿಂತೆನೋ ಅವನಿಗೇ ಗೊತ್ತಿರಲಿಲ್ಲ. ನಿಟ್ಟುಸಿರು ಬಿಟ್ಟು ತಟ್ಟೆ ಎತ್ತಿಕೊಂಡು ಹೋದ. ಡ್ಯೂಕ್ ಆಗಿದ್ದ ನಾಲ್ಕು ಸಲವೂ ತಟ್ಟೆ ತೊಳೆದವನು ಅವನೇ ಎಂಬುದು ಅವನಿಗೆ ಸೋಪಿನ ನೊರೆ ಮೊಣಕೈಗೆ ಬಂದಾಗ ನೆನಪಾಯಿತು.

ಐದನೇ ದಿನ ಮಧ್ಯಾಹ್ನ, ಗುಂಪಿನವರು ಹೊರಗೆ ನೆರಳಿನಲ್ಲಿ ಕೂತು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದಾಗ ಎಮೆಟ್ ಬಂದು ಚಪ್ಪಾಳೆ ತಟ್ಟಿದ. “ಸೇವಕರು ಇಲ್ಲಿ ಕೇಳಿ! ನಾಳೆ ಕೌಂಟೆಸ್ ಸಿಟ್ಟಲ್ಲಿ ಎದ್ದು ಹೋಗೋ ಸೀನು. ಒಬ್ಬ ಸೇವಕ ಬಗ್ಗಿ, ‘ಗಾಡಿ ಸಿದ್ಧವಾಗಿದೆ, ದೊರೆಸಾನಿಯವರೇ’ ಅಂತ ಹೇಳ್ಬೇಕು. ಯಾರ ಗಂಟಲು ಚೆನ್ನಾಗಿದೆ?”

ಆರು ಜನ ಸೇವಕರು ಆರು ಮೊಟ್ಟೆಗಳನ್ನು ಕೆಳಗಿಟ್ಟು ಎದ್ದರು. ಮಾತಾಡಿದ ಪಾತ್ರಕ್ಕೆ ಕೂಲಿ ಹೆಚ್ಚು, ಅದು ಒತ್ತಟ್ಟಿಗಿರಲಿ. ಒಮ್ಮೆ ಮಾತಾಡಿದವನ ಹೆಸರು ಆಫೀಸಿನಲ್ಲಿ ಬೇರೆ ಪಟ್ಟಿಗೆ ಹೋಗುತ್ತದೆ, ಅವನು ಮತ್ತೆ ಗುಂಪಿನವನಲ್ಲ. ಒಬ್ಬೊಬ್ಬರಾಗಿ ಹೇಳಿದರು. ಒಬ್ಬನದು ಪಿಸುಮಾತು. ಒಬ್ಬನದು ಟೆಕ್ಸಾಸಿನ ದನದ ಕೂಗು. ಕೊನೆಗೆ ವರ್ಜಿಲ್. ಹದಿನಾಲ್ಕು ವರ್ಷದಿಂದ ಕೂಡಿಟ್ಟ ಗಂಟಲನ್ನು ಬಿಚ್ಚಿದ ನೋಡಿ: “ಗಾಡಿ ಸಿದ್ಧವಾಗಿದೆ, ದೊರೆಸಾನಿಯವರೇ!” ಪಕ್ಕದ ಸೆಟ್ಟಿನಲ್ಲಿ ಮರುಭೂಮಿಯ ಸಿನಿಮಾಕ್ಕೆ ತಂದಿದ್ದ ಒಂಟೆಯೊಂದು ಎದ್ದು ನಿಂತಿತು.

“ತಾತ, ನೀನೇ,” ಎಂದ ಎಮೆಟ್. “ಹೇಗೂ ಕುರ್ಚಿ ಹಿಂದೆ ಇದೀಯ. ಒಂದು ಚೂರು ತಗ್ಗಿಸು ಅಷ್ಟೆ. ಗಾಡಿ ಬಾಗಿಲ ಹತ್ರ ಇದೆ, ಲಂಡನ್ನಲ್ಲಿ ಇಲ್ಲ.”

ಆ ಸಂಜೆಯೇ ವರ್ಜಿಲ್ ಅಕ್ಕನಿಗೆ ಕಾಗದ ಹಾಕಿದ: ‘ಕೇಳಿಸುವ ಹಾಗೆ ಮಾಡಿದ್ದೇನೆ. ಕೌಂಟೆಸ್ ಏಳುವ ಜಾಗದಲ್ಲಿ ಕಿವಿಗೊಟ್ಟು ಕೂತಿರು.’ ಟ್ರಾಮಿನಲ್ಲಿ ಅಭ್ಯಾಸ ಮಾಡಿದ. ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ. ವಠಾರದ ಜಿರೇನಿಯಂ ಕುಂಡಗಳಿಗೆ ಸಾಲಾಗಿ ಬಗ್ಗಿ ಹೇಳಿದ. ಅಭ್ಯಾಸ ಮಾಡುತ್ತ ಮಾಡುತ್ತ ಒಂದು ದಿವ್ಯ ಯೋಚನೆ ಹೊಳೆಯಿತು: ‘ಗಾಡಿ’ ಎಂದ ಮೇಲೆ ಸ್ವಲ್ಪ ತಡೆಯಬೇಕು. ಒಂದು ಗಂಭೀರ ಮೌನ. ಆಮೇಲೆ ಮಿಕ್ಕದ್ದು. ನಿಲ್ದಾಣದಲ್ಲೂ ಊರಿನ ಹೆಸರಿಗೆ ಮುಂಚೆ ಹೀಗೆಯೇ ತಡೆಯುತ್ತಿದ್ದ. ಜನರ ಎದೆ ಡವಡವ ಎನ್ನುತ್ತಿದ್ದದ್ದು ಆ ಮೌನದಲ್ಲೇ.

“ಗಾಡಿ...” ಎಂದ, ಕನ್ನಡಿಯ ಮುಂದೆ.

“ಸಿದ್ಧವಾಗಿದೆ!” ಎಂದು ಅಡುಗೆಮನೆಯಿಂದ ಹ್ಯಾಟಿ ಕೂಗಿದಳು.

“ಅದು ನನ್ನ ಮಾತು ಹ್ಯಾಟಿ!”

“ನೀನು ನಿಲ್ಲಿಸಿದ್ಯಲ್ಲ. ಮರ್ತೋಯ್ತೇನೋ ಅಂತ ಹೇಳ್ಕೊಟ್ಟೆ. ಒಳ್ಳೇದಕ್ಕೆ ಕಾಲ ಇಲ್ಲ.”

ವರ್ಜಿಲ್ ಬಾಗಿಲ ಬಳಿ ಬಂದು ನಿಂತ. ಅವನ ಮುಖ ನೋಡಿ ಹ್ಯಾಟಿ ಸೌಟು ಕೆಳಗಿಟ್ಟಳು. ಐದು ದಿನದಲ್ಲಿ ಅವನ ಮುಖ ನೋಡಿದ್ದು ಅದೇ ಮೊದಲು. “ನಾಳೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತೀನಿ, ಆಯ್ತಾ?” ಎಂದಳು ಮೆತ್ತಗೆ. “ನನಗೇನು ಗೊತ್ತಾಗಲ್ವಾ? ಲೊರೇನಾ ಅತ್ತಿಗೆ ಕೇಳಿಸ್ಕೋಬೇಕು.”

ಮರುದಿನ ಹತ್ತು ಗಂಟೆಗೆ ದೀಪಗಳು ಉರಿದವು. ನೂರು ಜನ ಉಸಿರು ಬಿಗಿಹಿಡಿದರು. ಬಟ್ಟೆ ಒಗೆಯುವವಳ ಮಗಳು ಅಂಗೈ ಬಚ್ಚಿಟ್ಟುಕೊಂಡಳು. ಕೌಂಟೆಸ್ ಅದನ್ನು ನೋಡಿ ಗದ್ದ ಎತ್ತಿದಳು. ಮೈಕು ವರ್ಜಿಲನ ಟೋಪಿನ ಮೇಲೆ ತೂಗಾಡಿತು. ಅವನು ಬಗ್ಗಿದ. (ಮೆತ್ತೆಗಳು ಅಂದು ಜಾಗದಲ್ಲೇ ಇದ್ದವು, ಅಂಟು ಹಾಕಿದ್ದರು.)

“ಗಾಡಿ...” ಎಂದ.

ಗಂಭೀರ ಮೌನ ಶುರುವಾಯಿತು. ಒಂದು. ಎರಡು.

ಹ್ಯಾಟಿ ತಡೆದಳು. ದೇವರಾಣೆಗೂ ತಡೆದಳು. ಅವಳ ಕತ್ತಿನ ನರ ಉಬ್ಬಿದ್ದು ಹಿಂದೆ ನಿಂತ ವರ್ಜಿಲನಿಗೂ ಕಂಡಿತು. ಆದರೆ ಮೂವತ್ತೊಂದು ವರ್ಷದ ರೂಢಿ ಒಂದು ಕಡೆ, ಒಂದು ರಾತ್ರಿಯ ಮಾತು ಒಂದು ಕಡೆ.

“—ಬಂದಿದೆ, ಗೊತ್ತು! ಎಷ್ಟು ಹೊತ್ತು ಎಳೀತೀಯ, ಹೋಗಾಚೆ!” ಎಂದಳು ಕೌಂಟೆಸ್, ಅವನ ಕಡೆ ನೋಡದೆ.

ಹ್ಯಾಟಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಗರಿ ನಡುಗಿತು. ವರ್ಜಿಲ್ ಬಗ್ಗಿದವನು ಬಗ್ಗಿಯೇ ಇದ್ದ. ಏಳಲು ಮನಸ್ಸಾಗಲಿಲ್ಲ.

ಕೆರೆಕ್ ಕುರ್ಚಿಯಿಂದ ಹಾರಿದ. ಬೈಯುತ್ತಾನೆಂದು ಎಲ್ಲರೂ ಕಣ್ಣು ಮುಚ್ಚಿದರು. ಅವನು ಹ್ಯಾಟಿಯ ಎರಡು ಕೈಯನ್ನೂ ಹಿಡಿದುಕೊಂಡ. “ಇದೇ! ಇದೇ ಬೇಕಾಗಿದ್ದು! ಸೇವಕನಿಗೆ ಮಾತು ಮುಗಿಸೋಕೂ ಬಿಡದ ಹೆಂಗಸು, ಆ ಪಾಪದ ಹುಡುಗಿಯನ್ನ ಬಿಟ್ಟಾಳಾ? ಇಡೀ ಸಿನಿಮಾ ಈ ಒಂದು ಮಾತಲ್ಲಿದೆ! ಎಮೆಟ್, ಸೇವಕನ ಮಾತು ತೆಗೆ. ಕೌಂಟೆಸ್‌ಗೆ ಬರೆ. ಮತ್ತೆ ತೆಗೆಯೋಣ, ಆಕೆ ಬಾಯಿ ಮುಚ್ಚಿಕೊಂಡಿದ್ದು ಫಿಲ್ಮಲ್ಲಿ ಬಂದುಬಿಟ್ಟಿದೆ. ಸೇವಕ ‘ಗಾ’ ಅನ್ನಲಿ, ಈಕೆ ಕತ್ತರಿಸಲಿ.”

ಹೀಗೆ ವರ್ಜಿಲನ ಮಾತು ಐದೂವರೆ ಕ್ಷಣ ಬಾಳಿ ತೀರಿಕೊಂಡಿತು.

ಆದರೆ ಇನ್ನೊಂದು ಸೋಜಿಗ ಕೇಳಿ. ಮಧ್ಯೆ ಬಾಯಿ ಹಾಕು ಎಂದು ಹೇಳಿದ ಮೇಲೆ ಹ್ಯಾಟಿಗೆ ಬಾಯಿ ಹಾಕಲು ಆಗಲಿಲ್ಲ! ಎರಡನೇ ಸಲ ವರ್ಜಿಲ್ “ಗಾಡಿ” ಎಂದು ಶುರು ಮಾಡಿದ. ಅವಳು ಕಾದಳು. ಅವನು “ಸಿದ್ಧವಾಗಿದೆ” ಎಂದ, ಅವಳು ಕಾದಳು. “ದೊರೆಸಾನಿಯವರೇ” ಎಂದು ಮುಗಿಸಿದ ಮೇಲೆ, “ಅಯ್ಯೋ, ಈಗ್ಲಾ?” ಎಂದಳು. ಮೂರನೇ ಸಲವೂ ಅಷ್ಟೇ. ನಾಲ್ಕನೇ ಸಲ ತುಂಬ ಬೇಗ ಬಾಯಿ ಹಾಕಿದಳು, ವರ್ಜಿಲ್ ಇನ್ನೂ ಬಗ್ಗಿರಲೇ ಇಲ್ಲ. ಐದು, ಆರು, ಏಳು. ಸೀಮೆಎಣ್ಣೆಯ ವಾಸನೆಗೆ ಅಡುಗೆಯವಳೊಬ್ಬಳು ತಲೆಸುತ್ತಿ ಬಿದ್ದಳು. ಎಂಟು, ಒಂಬತ್ತು.

ವರ್ಜಿಲನಿಗೆ ಆಗುತ್ತಿದ್ದದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಅವನು ಮಾತು ಮುಗಿಸುತ್ತಿದ್ದ. ಮೊದಲಿನಿಂದ ಕೊನೆಯವರೆಗೆ, ನಿಲ್ದಾಣದ ದೊಡ್ಡ ಗಂಟಲಿನಲ್ಲಿ. ಹೆಂಡತಿ ಕತ್ತು ಓರೆ ಮಾಡಿ, ಉಸಿರು ಹಿಡಿದು, ಒಂದೊಂದು ಅಕ್ಷರವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಎಂದೂ ಸಿಗದ ಸುಖ ಒಂದೇ ಬೆಳಗ್ಗೆ ಏಳು ಸಲ ಸಿಕ್ಕಿತು. ಅದರಲ್ಲಿ ಒಂದೂ ಸಿನಿಮಾಕ್ಕೆ ಬರುವುದಿಲ್ಲ ಎಂಬುದು ಗೊತ್ತಿದ್ದೂ, ಕೊನೆಯದನ್ನು ಹೇಳುವಾಗ ಅವನು ‘ದೊರೆಸಾನಿಯವರೇ’ ಎಂಬುದನ್ನು ಒಂದು ಚೂರು ಹೆಚ್ಚೇ ಎಳೆದ.

ಕೆರೆಕ್ ಟೋಪಿ ತೆಗೆದು ನೆಲಕ್ಕೆ ಹೊಡೆದ. “ಮಧ್ಯಾಹ್ನಕ್ಕೆ ಮಾತಾಡೋ ನಟಿಯನ್ನ ಕರೆಸು, ಎಮೆಟ್. ಈಕೆ ಗರಿ ಅವಳಿಗೆ ಸಿಕ್ಕಿಸು. ಐದು ದಿನದ್ದೆಲ್ಲ ಮತ್ತೆ ತೆಗೀಬೇಕಾದ್ರೂ ಸರಿ. ಈಕೆ ಅಡುಗೆಮನೆಗೆ ಹೋಗಲಿ. ಇನ್ನೊಂದೇ ಒಂದು ಸಲ ನೋಡ್ತೀನಿ.”

ಮೇಜಿನ ಮೇಲೆ ಇಟ್ಟಿದ್ದ ಹ್ಯಾಟಿಯ ಕೈ ಚಮಚವನ್ನು ಸರಿ ಮಾಡಿತು, ಮತ್ತೆ ಸರಿ ಮಾಡಿತು. ನೆಟ್ಟಗೇ ಇದ್ದ ಚಮಚ. ವರ್ಜಿಲ್ ಅವಳ ಹಿಂದಲೆಯನ್ನು ನೋಡಿದ. ಗರಿಯ ಕೆಳಗೆ ನರೆಗೂದಲನ್ನು ಅವಳು ಬೆಳಗ್ಗೆ ಐದಕ್ಕೆ ಎದ್ದು ತಾನೇ ಸುರುಳಿ ಸುತ್ತಿಕೊಂಡಿದ್ದಳು. ಹದಿನಾಲ್ಕು ವರ್ಷ ಪಾತ್ರೆ ಉಜ್ಜುವವಳಾಗಿ, ಮೀನು ಮಾರುವವಳಾಗಿ, ಜೈಲಿನ ಮುದುಕಿಯಾಗಿ ನಿಂತವಳು. ಒಂದು ಸಲವೂ ಗೊಣಗಿರಲಿಲ್ಲ. (ಅದರ ಬಗ್ಗೆ ಮಾತ್ರ.)

ಅವನಿಗೆ ಗುಟ್ಟು ಗೊತ್ತಿತ್ತು. ಅವಳು ಯಾಕೆ ಕಾಯುತ್ತಿದ್ದಾಳೆ ಎಂದರೆ, ಅವನು ನಿಲ್ದಾಣದ ಗಂಟಲಿನಲ್ಲಿ ಹೇಳುತ್ತಿದ್ದಾನೆ. ಆ ಗಂಟಲು ಅವಳು ಮನೆಯಲ್ಲಿ ಎಂದೂ ಕೇಳದ್ದು, ಕೇಳುವಂತಿದೆ. ಅವಳು ಕತ್ತರಿಸುವುದು ಬೇರೆ ಗಂಟಲನ್ನು. ಅದನ್ನು ಅವನು ಅಕ್ಕನ ಕಿವಿಗೆ ಕಳಿಸಬೇಕೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ದೀಪ ಉರಿಯಿತು. ಕೌಂಟೆಸ್ ಗದ್ದ ಎತ್ತಿದಳು. ವರ್ಜಿಲ್ ಬಗ್ಗಿದ. ಗಂಟಲು ಸರಿಮಾಡಿಕೊಂಡ. ಸೂರು ನೋಡಿದ.

“ಅದೂ...” ಎಂದ, ಬೀನ್ಸಿನ ತಟ್ಟೆಯ ಮುಂದೆ ಕೂತವನ ದನಿಯಲ್ಲಿ, “ಗಾ—”

“ಬಂದಿದೆ, ಗೊತ್ತು! ಎಷ್ಟು ಹೊತ್ತು ಎಳೀತೀಯ, ಹೋಗಾಚೆ!”

ಅವಳು ಯೋಚಿಸಿ ಹೇಳಲಿಲ್ಲ. ಹೇಳಿದ ಮೇಲೆಯೇ ಅವಳಿಗೆ ತಿಳಿದದ್ದು. ಎದ್ದಳು, ರೇಷ್ಮೆ ಸರಭರ ಎಂದಿತು, ಮೇಜಿನ ದೊರೆಗಳೆಲ್ಲ ಬೆಚ್ಚಿದರು. ಹಿಂದೆ ವರ್ಜಿಲ್ ತೆರೆದ ಬಾಯಿಯನ್ನು ನಿಧಾನವಾಗಿ ಮುಚ್ಚಿಕೊಂಡ.

“ಕಟ್!” ಎಂದು ಕೂಗಿದ ಕೆರೆಕ್, ನೆಲದಿಂದ ಟೋಪಿ ಎತ್ತಿಕೊಂಡು ಮುತ್ತಿಟ್ಟ. “ಕೌಂಟೆಸ್, ಅದ್ಭುತ! ಮತ್ತೆ ನೀನು, ಉದ್ದನೆಯವನೇ, ಬಾಯಿ ಮುಚ್ಚಿಕೊಳ್ಳೋದ್ರಲ್ಲಿ ನಿನ್ನಂಥವನನ್ನ ನಾನು ಯೂರೋಪಿನಲ್ಲೂ ನೋಡಿಲ್ಲ!”

ಸಂಜೆ ಟ್ರಾಮಿನಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತರು. ಹ್ಯಾಟಿಯ ಹೆಸರು ಮಾತಾಡುವವರ ಪಟ್ಟಿಗೆ ಹೋಗಿತ್ತು. ಅವಳು ಎರಡು ಸಲ ಅವನ ಕಡೆ ತಿರುಗಿ, ಎರಡು ಸಲವೂ ಕಿಟಕಿಯ ಕಡೆ ತಿರುಗಿಕೊಂಡಳು. ಮನೆಗೆ ಬಂದು ತಟ್ಟೆ ತಾನೇ ತೊಳೆದಳು. ವರ್ಜಿಲ್ ಅಕ್ಕನಿಗೆ ಇನ್ನೊಂದು ಕಾಗದ ಬರೆಯಲು ಕೂತು, ‘ಕೌಂಟೆಸ್ ಏಳುವ ಮುಂಚೆ ಯಾರೋ ಕೆಮ್ಮಿದಂತೆ ಕೇಳಿಸಿದರೆ’ ಎಂದು ಬರೆದು, ಹರಿದು ಹಾಕಿದ.

ಮೂರು ವಾರ ಕಳೆಯಿತು. ಅಷ್ಟರಲ್ಲಿ ಔತಣದ ದೃಶ್ಯವನ್ನು ಜೋಡಿಸಿ ಸ್ಟುಡಿಯೋದ ದೊಡ್ಡವರಿಗೆ ತೋರಿಸಿದ್ದರಂತೆ, ಆ ತೆರೆದು ಮುಚ್ಚುವ ಬಾಯಿಗೆ ಎಲ್ಲರೂ ನಕ್ಕರಂತೆ ಎಂದು ಎಮೆಟ್ ಹೇಳಿ ಕಳಿಸಿದ್ದ. ವರ್ಜಿಲನಿಗೆ ಆ ನಗುವಿನಲ್ಲಿ ತನಗೆಷ್ಟು, ಹ್ಯಾಟಿಗೆಷ್ಟು ಎಂದು ಕೇಳುವಷ್ಟು ಹುರುಪು ಇರಲಿಲ್ಲ. ಮೂರು ದಿನದಿಂದ ಒಂದು ಸೈನ್ಯದ ಸಿನಿಮಾದಲ್ಲಿ ಪಹರೆಯವನಾಗಿ ನಿಂತು ಅಂಗಾಲು ಬಾತಿತ್ತು. ಮಂಗಳವಾರ ಸಂಜೆ ಬಿಸಿನೀರಿಗೆ ಉಪ್ಪು ಹಾಕಿ, ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ವಠಾರದ ಜಗುಲಿಯ ಫೋನು ಬಡಿದುಕೊಂಡಿತು. ಹ್ಯಾಟಿ ಓಡಿದಳು. ಕಿಟಕಿಯಿಂದ ಅವಳ ಮಾತು ಮಾತ್ರ ಕೇಳುತ್ತಿತ್ತು.

“ಹೌದು, ಸ್ಟಬ್ಸ್ ಮನೆಯವರೇ... ನಾನಾ? ಅಲ್ವಾ? ಓ, ಅವರಾ! ಇದಾರೆ, ಕಾಲು ನೀರಲ್ಲಿದೆ, ನನ್ಹತ್ರ ಹೇಳಿ... ಸ್ಟೇಷನ್ ಮಾಸ್ಟರ್ ಪಾತ್ರ. ಸರಿ... ಆರು ದಿನ! ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ... ಏನು? ಎರಡು ಮಾತಾ?”

ತೊಟ್ಟಿಯೊಳಗೆ ವರ್ಜಿಲನ ಹತ್ತು ಬೆರಳೂ ನೆಟ್ಟಗಾದವು.

“ರೈಲು ಬಂತು ಅಂತ ಒಂದು, ಹೊರಟಿತು ಅಂತ ಒಂದು... ಹೂಂ... ನೋಡಿ ಸ್ವಾಮಿ, ನೀವು ಕೆರೆಕ್ ಅವರ ಚಿತ್ರ ನೋಡಿಲ್ಲ ಅನ್ಸತ್ತೆ. ಅವರ ಕಸುಬು ಇರೋದೇ ಬಾಯಿ ತೆಗೆದು ಮುಚ್ಚೋದ್ರಲ್ಲಿ. ಯೂರೋಪಲ್ಲೇ ಇಲ್ವಂತೆ ಅಂಥವರು. ಅಂಥ ಕಲಾವಿದನ ಕೈಲಿ ಎಲ್ಲರ ಹಾಗೆ ರೈಲು ಬಂತು ಅಂತ ಕೂಗಿಸ್ತೀರಾ?... ಆ ಎರಡು ಮಾತು ಬೇರೆ ಯಾರಿಗಾದ್ರೂ ಕೊಡಿ, ಗಾರ್ಡ್‌ಗೆ ಕೊಡಿ...”

“ಹ್ಯಾಟೀ!” ಎಂದು ವರ್ಜಿಲ್ ಎದ್ದ. ಗಂಟಲೇನೋ ನಿಲ್ದಾಣದ್ದೇ ಬಂತು. ಆದರೆ ಕಾಲು ಜಾರಿ ತೊಟ್ಟಿಯ ಸಮೇತ ನೆಲಕ್ಕೆ ಕೂತ. ಆ ಸದ್ದಿನಲ್ಲಿ ಕೂಗು ಮುಳುಗಿಹೋಯಿತು. ನೀರು ಕೋಣೆಯೆಲ್ಲ ಹರಿಯಿತು. ಎದ್ದು, ಮತ್ತೊಮ್ಮೆ ಜಾರಿ, ಗೋಡೆ ಹಿಡಿದುಕೊಂಡು ಬಾಗಿಲು ಮುಟ್ಟುವ ಹೊತ್ತಿಗೆ ಹ್ಯಾಟಿ ಫೋನು ಕೆಳಗಿಟ್ಟು ಒಳಗೆ ಬರುತ್ತಿದ್ದಳು. ಅವಳ ಮುಖ ನಿಗಿನಿಗಿ ಹೊಳೆಯುತ್ತಿತ್ತು. ಮದುವೆಯ ದಿನ ಹಾಗೆ ಹೊಳೆದದ್ದು, ಆಮೇಲೆ ಇವತ್ತೇ.

“ಒಪ್ಕೊಂಡ್ರು ಕಣೋ! ಮೊದಲು ಮೆಲ್ಲಗೆ ಏನೋ ಗೊಣಗಿದ್ರು, ನಾನು ಬಿಡ್ಲಿಲ್ಲ. ನಿನ್ನ ಪಾತ್ರಕ್ಕೆ ಎರಡು ಮಾತು ಅಂಟಿಸಿದ್ರು, ತೆಗೆಸಿಬಿಟ್ಟೆ. ಇನ್ನು ನೀನು ಬರೀ ನಿಂತ್ಕೊಂಡು ಬಾಯಿ ತೆಗೀತೀಯ, ಮುಚ್ತೀಯ. ಕ್ಯಾಮೆರಾ ಹತ್ತಿರ ಬಂದು ತೆಗೆಯತ್ತಂತೆ.” ಅವಳು ಸೆರಗಿಲ್ಲದ ಗೌನಿನ ತೋಳಿನಿಂದ ಕಣ್ಣು ಒರೆಸಿಕೊಂಡಳು. “ಅವತ್ತು ನೀನು ನನಗೋಸ್ಕರ ಏನು ಮಾಡ್ದೆ ಅಂತ ನಂಗೆ ಗೊತ್ತಾಗ್ಲಿಲ್ಲ ಅನ್ಕೊಂಡ್ಯಾ? ಮೂರು ವಾರದಿಂದ ಹೊಟ್ಟೇಲಿ ಇಟ್ಕೊಂಡಿದ್ದೆ. ಹೇಗಾದ್ರೂ ನಿನಗೊಂದ್ ಒಳ್ಳೇದು ಮಾಡ್ಬೇಕು ಅಂತ.”

ವರ್ಜಿಲ್ ಒದ್ದೆ ಬಾಗಿಲಿಗೆ ಒರಗಿ ನಿಂತ. “ಅದೂ... ಹ್ಯಾಟಿ, ನಾನು—”

“ಸಾಕು ಸಾಕು, ಉಪಕಾರ ಗಿಪಕಾರ ಅಂತೆಲ್ಲ ಹೇಳ್ಬೇಡ,” ಎಂದಳು ಹ್ಯಾಟಿ, ನೆಲ ಒರೆಸುವ ಬಟ್ಟೆ ತಂದು ಅವನ ಕೈಗೆ ಕೊಡುತ್ತ. “ಗಂಡ ಹೆಂಡ್ತಿ ಮಧ್ಯೆ ಅದೆಲ್ಲ ಯಾಕೆ?”